ಡಿ ಕ್ಯಾಂಡೋಲ್ ಮನೆತನ ಮತ್ತು ಶಿರಸಿ ಸೀಮೆಯ ಗಿಡಮರಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಮರಗಳಲ್ಲಿ ಡಯೋಸ್ಪೈರೋಸ್ ಕ್ಯಾಂಡೋಲಿಯಾನಾ ಒಂದು. ಬೀಡಿ ಸುತ್ತುವ ಎಲೆ ಕೊಡುವ ಮರದ ಬಳಗಕ್ಕೇ ಸೇರಿದ ಇದಕ್ಕೆ ಈ ಹೆಸರಿಟ್ಟವರು ಮದ್ರಾಸ್ ಪ್ರಾಂತ್ಯದಲ್ಲಿ ದುಡಿದ ವೈದ್ಯ, ಸಸ್ಯವಿಜ್ಞಾನಿ ರಾಬರ್ಟ್ ವೈಟ್. ಹೆಸರಿನಲ್ಲಿರುವುದು ಸ್ವಿಟ್ಜರ್ಲೆಂಡಿನ ಜಿನೀವಾದ ಡಿ ಕ್ಯಾಂಡೋಲ್ ಮನೆತನ. ತಂದೆ, ಮಗ, ಮೊಮ್ಮಗ, ಮರಿಮಗ ಹೀಗೆ ನಾಲ್ಕು ತಲೆಮಾರು ಸಸ್ಯವಿಜ್ಞಾನವನ್ನೇ ಕಸುಬಾಗಿಸಿಕೊಂಡ ಮನೆ ಅದು.

ಮೊದಲಿಗರಾದ ಆಗಸ್ಟಿನ್ ಪಿರಾಮಸ್ ಡಿ ಕ್ಯಾಂಡೋಲ್ (1778–1841) ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಪ್ರಾಧ್ಯಾಪಕರಾಗಿದ್ದು, 1816ರಲ್ಲಿ ಹುಟ್ಟೂರಿಗೆ ಮರಳಿದರು. ಜೀವಿಗಳ ವರ್ಗೀಕರಣ ಶಾಸ್ತ್ರಕ್ಕೆ ‘ಟ್ಯಾಕ್ಸಾನಮಿ’ ಎಂಬ ಹೆಸರು ಸಿಕ್ಕಿದ್ದು 1813ರ ಅವರ ಗ್ರಂಥದಿಂದ. ಲಿನೇಯಸ್ ಕೇಸರಗಳ ಎಣಿಕೆಯ ಮೇಲೆ ಗಿಡಗಳನ್ನು ವಿಂಗಡಿಸಿದ್ದರು. ಡಿ ಕ್ಯಾಂಡೋಲ್ ಗಿಡದ ಒಟ್ಟು ರಚನೆಯನ್ನು ನೋಡಿ, ಸಹಜ ನಂಟಿರುವ ಗಿಡಗಳನ್ನು ಒಂದೆಡೆ ತಂದರು. ಲೋಕದಲ್ಲಿ ಗೊತ್ತಿದ್ದ ಬೀಜಸಸ್ಯಗಳನ್ನೆಲ್ಲ ಈ ಕ್ರಮದಲ್ಲಿ ವಿವರಿಸಲು ಅವರು ಕೈಹಾಕಿದ ‘ಪ್ರೊಡ್ರೋಮಸ್’ ಗ್ರಂಥಮಾಲೆಯ ಮೊದಲ ಸಂಪುಟ 1824ರಲ್ಲಿ ಹೊರಬಂತು.

ಮಲೆನಾಡಿನ ಹಲವು ಪರಿಚಿತ ಗಿಡಗಳಿಗೆ ಇಂದಿನ ಶಾಸ್ತ್ರೀಯ ಹೆಸರು ಬಂದದ್ದು ಈ ಗ್ರಂಥದಲ್ಲೇ. ಬಾಯಿಗೆ ಹಾಕಿದರೆ ನಾಲಿಗೆ ಜುಮ್ಮೆನ್ನಿಸುವ ಜುಮ್ಮನಕಾಯಿ ಜಾಂಥೋಕ್ಸೈಲಮ್ ರೆಟ್ಸಾ ಆಯಿತು. ಮೈಗೆ ತಾಗಿದರೆ ತುರಿಕೆ ಹಚ್ಚುವ ನಸುಗುನ್ನಿ ಮ್ಯುಕ್ಯುನಾ ಪ್ರುರಿಯೆನ್ಸ್ ಆಯಿತು. ಎರಡರ ಬೆನ್ನಿಗೂ ಡಿ ಕ್ಯಾಂಡೋಲರನ್ನು ಸೂಚಿಸುವ ‘ಡಿ.ಸಿ.’ ಎಂಬ ಗುರುತು ಅಂಟಿಕೊಂಡಿದೆ. ಮುರುಗಲಿನ ಹೆಸರಾದ ಗಾರ್ಸೀನಿಯಾ ಇಂಡಿಕಾ ಕೂಡ ಮೊದಲ ಸಂಪುಟದ್ದೇ. ಆ ಭಾಗವನ್ನು ಬರೆದವರು ಡಿ ಕ್ಯಾಂಡೋಲರ ಶಿಷ್ಯ ಶ್ವಾಜಿ. ಮರವೊಂದಕ್ಕೆ ಯಾರದೋ ಹೆಸರಿಡುವುದು ಗೌರವ. ಹೆಸರಿನ ಹಿಂದಿನ ಈ ಮೋಟು ಅಕ್ಷರಗಳು ದುಡಿಮೆಯ ದಾಖಲೆ. ಮನೆತನದ ನಿಜವಾದ ಗುರುತು ಇಲ್ಲಿದೆ.

ಪಟ್ಟಿ ಮಾಡುವುದಷ್ಟೇ ಆಗಸ್ಟಿನ್ ಪಿರಾಮಸರ ಕೆಲಸವಾಗಿರಲಿಲ್ಲ. ಶಿರಸಿಯ ರಸ್ತೆಬದಿಯಲ್ಲೂ ಹಬ್ಬಿರುವ, ಮೂಲತಃ ಅಮೆರಿಕದ ನಾಚಿಕೆಮುಳ್ಳಿನ ಗಿಡವನ್ನು ಅವರು ಎಡೆಬಿಡದ ದೀಪದ ಬೆಳಕಿನಲ್ಲಿಟ್ಟು ನೋಡಿದರು. ಕತ್ತಲೆಯೇ ಇಲ್ಲದಿದ್ದರೂ ಎಲೆಗಳು ಮಡಚಿ ಅರಳುತ್ತಲೇ ಇದ್ದವು. ಆದರೆ ಒಂದು ಸುತ್ತಿಗೆ 24 ಗಂಟೆಯ ಬದಲು 22–23 ಗಂಟೆ ಹಿಡಿಯಿತು. ಗಿಡ ಹೊರಗಿನ ಹಗಲಿರುಳನ್ನು ಸುಮ್ಮನೆ ಹಿಂಬಾಲಿಸುವುದಿಲ್ಲ, ಅದರ ಒಳಗೇ ಒಂದು ಕಾಲಗಣನೆ ಇದೆ ಎಂಬುದಕ್ಕೆ ಇದು ಬಲವಾದ ಪುರಾವೆ. ಜೈವಿಕ ಗಡಿಯಾರದ ಇಂದಿನ ಅಧ್ಯಯನ ಈ ಪ್ರಯೋಗವನ್ನು ಮರೆತಿಲ್ಲ.

ಪ್ರೊಡ್ರೋಮಸ್‌ನ ಏಳು ಸಂಪುಟಗಳಾಗುವಷ್ಟರಲ್ಲಿ ತಂದೆ ತೀರಿಕೊಂಡರು. ಮಗ ಅಲ್ಫೋನ್ಸ್ (1806–1893) ಹಲವು ದೇಶಗಳ ವಿದ್ವಾಂಸರ ನೆರವಿನಿಂದ ಮುಂದುವರಿಸಿ, 1873ರಲ್ಲಿ 17ನೆಯ ಸಂಪುಟಕ್ಕೆ ನಿಲ್ಲಿಸಿದರು. ಅಷ್ಟು ಹೊತ್ತಿಗೆ ದ್ವಿದಳ ಸಸ್ಯಗಳು ಮುಗಿದಿದ್ದವು, ಏಕದಳಗಳ ಸರದಿ ಬರಲಿಲ್ಲ. ಹಾಗಾಗಿ ಶಿರಸಿಯ ತೋಟದ ಅಡಿಕೆ, ಏಲಕ್ಕಿ ಈ ಮಹಾಗ್ರಂಥದಿಂದ ಹೊರಗುಳಿದವು. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಒಳಗೆ ಸೇರಿತು.

ಒಂದೇ ಗಿಡಕ್ಕೆ ನಾಲ್ವರು ನಾಲ್ಕು ಹೆಸರಿಟ್ಟರೆ ಯಾವುದು ಸರಿ? ಅಲ್ಫೋನ್ಸ್ ರೂಪಿಸಿದ ನಿಯಮಗಳನ್ನು 1867ರ ಪ್ಯಾರಿಸ್ ಸಮ್ಮೇಳನ ಒಪ್ಪಿತು. ಮೊದಲು ಕ್ರಮಬದ್ಧವಾಗಿ ಪ್ರಕಟವಾದ ಹೆಸರಿಗೇ ಮನ್ನಣೆ ಎಂಬುದು ಅವುಗಳ ತಿರುಳು. ಇಂದಿನ ಅಂತರರಾಷ್ಟ್ರೀಯ ನಾಮಕರಣ ಸಂಹಿತೆ ಅದರಿಂದಲೇ ಬೆಳೆದದ್ದು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕ ಗೇರಿನ ಬಳಗದ ಮರಕ್ಕೆ ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟಾಗಲೂ ಅನ್ವಯಿಸಿದ್ದು ಆ ಪರಂಪರೆಯ ನಿಯಮಗಳೇ. ಬೆಳೆಗಳ ತವರು ಹುಡುಕಿದ ಅಲ್ಫೋನ್ಸರ ಇನ್ನೊಂದು ಗ್ರಂಥ 1882ರದು. ಕಾಡುತಳಿಗಳ ನೆಲೆ, ಉತ್ಖನನ, ಇತಿಹಾಸ, ಭಾಷೆಗಳಲ್ಲಿರುವ ಹೆಸರು ಎಲ್ಲವನ್ನೂ ತಾಳೆ ನೋಡುವ ಅವರ ವಿಧಾನ ಮುಂದಿನವರಿಗೆ ದಾರಿಯಾಯಿತು.

ಮೊಮ್ಮಗ ಕಾಸಿಮಿರ್ (1836–1918) ಮೆಣಸಿನ ಕುಟುಂಬದ ದೊಡ್ಡ ತಜ್ಞರು. 1869ರಲ್ಲಿ ಪ್ರೊಡ್ರೋಮಸ್‌ಗೆ ಆ ಭಾಗವನ್ನು ಬರೆದವರು ಅವರೇ. ಪಶ್ಚಿಮಘಟ್ಟದ ಕಾಡುಮೆಣಸುಗಳಾದ ಪೈಪರ್ ಗ್ಯಾಲಿಯೇಟಮ್, ಪೈಪರ್ ಟ್ರೈಕೊಸ್ಟಾಕಿಯಾನ್ ಹೆಸರುಗಳ ಹಿಂದೆ ‘ಸಿ.ಡಿ.ಸಿ.’ ಎಂದಿದೆ. ತೋಟದ ಮೆಣಸಿನ ಈ ಕಾಡುಬಂಧುಗಳನ್ನು ಸರಿಯಾಗಿ ಗುರುತಿಸದೆ ತಳಿ ಸುಧಾರಣೆಗೆ ಬಳಸಲಾಗದು. ಮೆಣಸು ಬೆಳೆಯುವ ನಾಡಿಗೆ ಕಾಸಿಮಿರ್ ಮುಖ್ಯರಾಗುವುದು ಇದಕ್ಕೇ. ಅವರ ಮಗ ಆಗಸ್ಟಿನ್ (1868–1920) ನಾಲ್ಕನೆಯವರು.

ಮನೆತನದ ಹೆಸರು ಬೇರೆಡೆಯೂ ಇದೆ. ದಕ್ಷಿಣ ಅಮೆರಿಕದ ಕ್ಯಾಂಡೋಲಿಯೋಡೆಂಡ್ರಾನ್ ಎಂಬ ಮರ, ಸ್ವೀಡನ್ನಿನ ಫ್ರೀಸ್ 1818ರಲ್ಲಿ ಹೆಸರಿಸಿದ ಒಂದು ಅಣಬೆ, ಜಿನೀವಾದ ಒಂದು ಬೀದಿ, 1922ರಿಂದ ಅಲ್ಲಿನ ಸಸ್ಯೋದ್ಯಾನ ಹೊರತರುತ್ತಿರುವ ‘ಕ್ಯಾಂಡೋಲಿಯಾ’ ಪತ್ರಿಕೆ. ನಾಲ್ಕು ತಲೆಮಾರು ಕೂಡಿಟ್ಟ ಒಣಸಸ್ಯ ಸಂಗ್ರಹ ಈಗ ಆ ಉದ್ಯಾನದಲ್ಲಿದೆ. ಈಸ್ಟ್ ಇಂಡಿಯಾ ಕಂಪನಿಯ ವಾಲಿಕ್ ಭಾರತದಿಂದ ಒಯ್ದ ಮಾದರಿಗಳೂ ಅದರಲ್ಲಿವೆ. ಪ್ರೊಡ್ರೋಮಸ್‌ಗೆ ಆಧಾರವಾದ ಹಾಳೆಗಳನ್ನು ಉಳಿದವುಗಳ ಜೊತೆ ಬೆರೆಸದೆ ಪ್ರತ್ಯೇಕವಾಗಿಯೇ ಇಟ್ಟಿದ್ದಾರೆ. ಹಳೆಯ ಹೆಸರೊಂದು ಯಾವ ಗಿಡಕ್ಕೆ ಸಲ್ಲುತ್ತದೆಂಬ ತಕರಾರು ಎದ್ದಾಗ ತಜ್ಞರು ನೋಡುವುದು ಆ ಹಾಳೆಗಳನ್ನೇ.