ಅಂಡಾಶಯವೂ ಹೋದಾಗ

ಗರ್ಭಕೋಶವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ನಿಲ್ಲುವುದಿಲ್ಲ. ಅದನ್ನು ಸ್ರವಿಸುವುದು ಅಕ್ಕಪಕ್ಕದ ಎರಡು ಅಂಡಾಶಯಗಳು. ಅವನ್ನೂ ತೆಗೆದರೆ, ಸಹಜ ಮುಟ್ಟುನಿಲುಗಡೆಯಲ್ಲಿ ವರ್ಷಗಟ್ಟಲೆ ಹಿಡಿಯುವ ಈಸ್ಟ್ರೋಜೆನ್ ಕುಸಿತ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಮೈ ಧಗ್ಗನೆ ಬಿಸಿಯೇರಿ ಬೆವರುವುದು, ನಿದ್ದೆಗೇಡು, ಯೋನಿ ಒಣಗುವುದು ಬೇಗ ಗೊತ್ತಾಗುತ್ತವೆ. ಮೂಳೆ ಸವೆಯುವುದು ಮಾತ್ರ ಮುರಿಯುವವರೆಗೂ ತಿಳಿಯದು.

ನಮ್ಮಲ್ಲಿ ಗರ್ಭಕೋಶ ತೆಗೆಸಿಕೊಳ್ಳುವುದು ಅಪರೂಪದ ಸಂಗತಿಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಮೂವರಿಗಿಂತ ಹೆಚ್ಚು ಜನ ಗರ್ಭಕೋಶ ತೆಗೆಸಿಕೊಂಡಿದ್ದಾರೆ. ಕಲಬುರಗಿಯ ತಾಂಡಾಗಳಲ್ಲಿ ಬಡ ಲಂಬಾಣಿ ಹೆಂಗಸರಿಗೆ ಅನಗತ್ಯವಾಗಿ ಈ ಆಪರೇಷನ್ ಮಾಡಿದ ಪ್ರಕರಣ ಹೊರಬಿದ್ದಾಗ, ಅವರಲ್ಲಿ ಹಲವರಿಗೆ ನಲವತ್ತೂ ತುಂಬಿರಲಿಲ್ಲ.

ಕಳೆದುಹೋದ ಹಾರ್ಮೋನನ್ನು ಮಾತ್ರೆ, ಪ್ಯಾಚ್ ಅಥವಾ ಜೆಲ್ ರೂಪದಲ್ಲಿ ಮರಳಿ ಕೊಡಬಹುದು. ಆದರೆ 2002ರಲ್ಲಿ ಅಮೆರಿಕದ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನ ಸ್ತನ ಕ್ಯಾನ್ಸರ್ ಹೆಚ್ಚಿದ್ದನ್ನು ಕಂಡು ಒಂದು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿತು. ಆ ಸುದ್ದಿಯ ಭಯ ಇಂದಿಗೂ ಹೋಗಿಲ್ಲ. ಅಲ್ಲಿದ್ದವರು ಗರ್ಭಕೋಶ ಇದ್ದವರು. ಸರಾಸರಿ ವಯಸ್ಸು 63. ಕೊಟ್ಟಿದ್ದು ಈಸ್ಟ್ರೋಜೆನ್ ಜೊತೆಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನು. ಬರೀ ಈಸ್ಟ್ರೋಜೆನ್ ಕೊಟ್ಟರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರ್ ಬರಬಹುದೆಂದು 1975ರಲ್ಲೇ ತಿಳಿದಿದ್ದರಿಂದ ಈ ಜೋಡಿ.

ಗರ್ಭಕೋಶವೇ ಇಲ್ಲದವರಿಗೆ ಸಾಮಾನ್ಯವಾಗಿ ಆ ಜೋಡಿ ಬೇಡ. ಅದೇ ಅಧ್ಯಯನದಲ್ಲಿ ಗರ್ಭಕೋಶ ತೆಗೆಸಿಕೊಂಡಿದ್ದ 10,739 ಹೆಂಗಸರ ಇನ್ನೊಂದು ಪ್ರಯೋಗವೂ ಇತ್ತು. ಈಸ್ಟ್ರೋಜೆನ್ ಮಾತ್ರ ಪಡೆದವರಲ್ಲಿ ಪಾರ್ಶ್ವವಾಯು ಹೆಚ್ಚಿದ್ದರಿಂದ 2004ರಲ್ಲಿ ಅದನ್ನೂ ನಿಲ್ಲಿಸಿದರು. ಆದರೆ ಸೊಂಟದ ಮೂಳೆಮುರಿತ ಕಡಿಮೆಯಾಗಿತ್ತು, ಸ್ತನ ಕ್ಯಾನ್ಸರ್ ಹೆಚ್ಚಿರಲಿಲ್ಲ. ಈ ಎರಡನೆಯ ಫಲಿತಾಂಶಕ್ಕೆ ಮೊದಲಿನಷ್ಟು ಪ್ರಚಾರ ಸಿಗದೇ ಹೋದದ್ದು ಎಷ್ಟೋ ಹೆಂಗಸರಿಗೆ ಆದ ಅನ್ಯಾಯ.

ಮೂವತ್ತೈದರಲ್ಲಿ ಅಂಡಾಶಯ ಕಳೆದುಕೊಂಡವಳಿಗೆ 63ರವರ ಲೆಕ್ಕ ಹಚ್ಚುವುದು ಸರಿಯಲ್ಲ. ಅವಳಿಗೆ ಕೊಡುವುದು ಆ ವಯಸ್ಸಿನಲ್ಲಿ ದೇಹದಲ್ಲಿ ಇರಬೇಕಾಗಿದ್ದ ಹಾರ್ಮೋನನ್ನೇ. ಅಮೆರಿಕದ ಮೇಯೋ ಕ್ಲಿನಿಕ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 45ಕ್ಕೆ ಮುಂಚೆ ಎರಡೂ ಅಂಡಾಶಯ ಹೋದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಅದು ಮುಖ್ಯವಾಗಿ ಈಸ್ಟ್ರೋಜೆನ್ ಪಡೆಯದವರಲ್ಲಿ. ಹಾಗಾಗಿಯೇ, ಅಡ್ಡಿಯೇನೂ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂದು ತಜ್ಞರು ಹೇಳುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೂ ಬೆಳೆಯುವ ಕಾಯಿಲೆ) ಇದ್ದವರಿಗೆ ಪ್ರೊಜೆಸ್ಟಿನ್ ಕೂಡ ಬೇಕಾಗಬಹುದು. ರಕ್ತ ಹೆಪ್ಪುಗಟ್ಟುವ ಅಪಾಯವಿದ್ದವರಿಗೆ ಮಾತ್ರೆಗಿಂತ ಪ್ಯಾಚ್ ವಾಸಿ.

ಆಪರೇಷನ್ ಆದವರು ಡಿಸ್ಚಾರ್ಜ್ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಂಡಾಶಯಗಳನ್ನೂ ತೆಗೆದಿದ್ದಾರೆಯೇ, ತೆಗೆದಿದ್ದರೆ ಹಾರ್ಮೋನು ಬೇಕೇ ಎಂದು ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ.