ದೇವರ ಗೂಡಿನಲ್ಲಿದ್ದ ಹವಳ

"ಸ್ಕೂಬಾನಾ? ಅದ್ಯಾವ ಊರ್ಲಾ ಮಗ?"

ಊರಲ್ಲ ಕಣಮ್ಮ, ಬೆನ್ನಿಗೆ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಕ್ಕೆ ಮುಳುಗೋದು ಅಂದೆ. ಸೊಪ್ಪು ಸೋಸುತ್ತಿದ್ದ ಅಮ್ಮನ ಕೈ ನಿಂತಿತು. ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಸೊಪ್ಪಿಗೆ ಕೈ ಹಾಕಿ, "ಮುಳುಗೋಕೆ ದುಡ್ ಬ್ಯಾರೆ ಕೊಡ್ತೀರಾ?" ಅಂದಳು. ಅಷ್ಟೇ. ಅವತ್ತು ರಾತ್ರಿ ಊಟಕ್ಕೆ ಬಡಿಸುವಾಗಲೂ ಮಾತಾಡಲಿಲ್ಲ.

ಅವಳ ಮೌನಕ್ಕೆ ಕಾರಣ ಇತ್ತು. ನಮ್ಮದು ಪಾಂಡವಪುರ ತಾಲ್ಲೂಕು. ನಮಗೆ ನೀರು ಅಂದರೆ ವಿ.ಸಿ. ನಾಲೆ. ಗದ್ದೆಗೂ ಅದೇ, ಎಮ್ಮೆ ಮೈ ತೊಳೆಯೋಕೂ ಅದೇ, ಬೇಸಿಗೆ ರಜೆಯಲ್ಲಿ ಮನೆಯವರ ಕಣ್ಣು ತಪ್ಪಿಸಿ ಬೀಳೋಕೂ ಅದೇ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಖಾಸಗಿ ಬಸ್ಸೊಂದು ಅದೇ ನಾಲೆಗೆ ಉರುಳಿ 30 ಜನ ಹೋದರು. ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾನು ಆಗ ಬೆಂಗಳೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಮ್ಮ ಫೋನ್ ಮಾಡಿ ಅಳುತ್ತಾ ಹೇಳಿದ್ದು ನೆನಪಿದೆ: "ನೀನು ಊರಿಗೆ ಬಂದ್ರೂ ನಾಲೆ ಕಡೀಕೆ ಹೋಗ್ಬ್ಯಾಡ." ನೀರು ಕಂಡರೆ ದೂರ ನಿಲ್ಲು ಅನ್ನೋದು ಅವತ್ತಿನಿಂದ ನಮ್ಮ ಮನೆಯ ಕಾನೂನು.

ಹಾಗಾಗಿ ನಮ್ಮ ಗುಂಪು ಶುರುವಾಗಿದ್ದು ಸಾಹಸಕ್ಕಲ್ಲ, ನಾಚಿಕೆಗೆ. ಶ್ರೀರಂಗಪಟ್ಟಣದ ಒಬ್ಬ ಬ್ಯಾಂಕ್ ನೌಕರ, ಕೆ.ಆರ್. ಪೇಟೆಯ ಇಬ್ಬರು ಸಾಫ್ಟ್‌ವೇರಿನವರು, ನಾಗಮಂಗಲದ ಒಬ್ಬ ನರ್ಸ್ ಅಕ್ಕ, ನಾನು, ಇನ್ನೂ ನಾಲ್ಕು ಜನ. ಕಾವೇರಿ, ಹೇಮಾವತಿ, ಲೋಕಪಾವನಿ ದಂಡೆಯಲ್ಲೇ ಹುಟ್ಟಿ ಬೆಳೆದವರು. ಒಂಬತ್ತರಲ್ಲಿ ಆರು ಜನಕ್ಕೆ ಈಜು ಬರುತ್ತಿರಲಿಲ್ಲ! ಭಾನುವಾರ ಭಾನುವಾರ ಮೈಸೂರಿನ ಈಜುಕೊಳಕ್ಕೆ ಹೋಗೋದು, ಆಮೇಲೆ ದೋಸೆ ತಿನ್ನೋದು, ಇಷ್ಟೇ ಕಾರ್ಯಕ್ರಮ. ಕಡಲಿನ ಮಾತು ಎತ್ತಿದವರು ನರ್ಸ್ ಅಕ್ಕ. ಅವರೇ ನಿಯಮವನ್ನೂ ಮಾಡಿದರು. ಹತ್ತು ನಿಮಿಷ ಏನನ್ನೂ ಹಿಡಿಯದೆ ನೀರಿನ ಮೇಲೆ ತೇಲೋಕೆ ಬರುವ ತನಕ ಯಾರೂ ಕಡಲಿಗೆ ಇಳಿಯುವಂತಿಲ್ಲ. ನನಗೆ ಅದಕ್ಕೆ ಐದು ತಿಂಗಳು ಹಿಡಿಯಿತು.

ಸ್ಕೂಬಾಗೆ ನಾವು ಆರಿಸಿಕೊಂಡ ಜಾಗ ಅಂದರೆ ಮುರುಡೇಶ್ವರ. ರಾತ್ರಿ ಟೆಂಪೋ ಟ್ರಾವೆಲರ್ ಹತ್ತಿ ಚನ್ನರಾಯಪಟ್ಟಣ, ಅರಸೀಕೆರೆ, ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಬೆಳಗಿಗೆ ಕಡಲು. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪ. ಮೇಲಿಂದ ತೆಗೆದ ಫೋಟೋದಲ್ಲಿ ಹೃದಯದ ಆಕಾರ, ದೋಣಿಯಿಂದ ನೋಡಿದರೆ ಬರೀ ಕಡಿದಾದ ಬಂಡೆ. 2022ರಲ್ಲಿ ಬಿಡುಗಡೆಯಾದ 'ಗಂಧದ ಗುಡಿ'ಯಲ್ಲಿ ಪುನೀತ್ ರಾಜ್‌ಕುಮಾರ್ ಇದೇ ನೀರಿಗೆ ಇಳಿದಿದ್ದನ್ನು ನೀವೂ ನೋಡಿರುತ್ತೀರಿ. ನಮ್ಮ ಗುಂಪಿನ ಅರ್ಧ ಜನ ಬಂದಿದ್ದೇ ಅಪ್ಪು ಕಂಡ ಮೀನು ನೋಡೋಕೆ ಅಂತ, ಮುಚ್ಚುಮರೆ ಯಾಕೆ?

ಒಂದೂವರೆ ಗಂಟೆ ದೋಣಿ. ಕೆ.ಆರ್. ಪೇಟೆಯವನು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡ. ನನಗೆ ಗೈಡ್ ಆಗಿ ಬಂದ ಹುಡುಗ ಅಲ್ಲಿಯವನೇ, ಮೀನುಗಾರರ ಮನೆಯವನು. ಅವನು ಹೇಳಿದ ಪಾಠ ಚಿಕ್ಕದು. ಉಸಿರು ಯಾವತ್ತೂ ಬಿಗಿ ಹಿಡಿಯಬೇಡಿ. ಪ್ರತಿ ಹತ್ತು ಮೀಟರಿಗೆ ಮೈಮೇಲೆ ಇನ್ನೊಂದು ವಾತಾವರಣದಷ್ಟು ಒತ್ತಡ ಸೇರುತ್ತೆ, ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ. ಹೆಬ್ಬೆರಳು ಮೇಲೆತ್ತಿದರೆ 'ಸೂಪರ್' ಅಂತ ಅಲ್ಲ, 'ಮೇಲಕ್ಕೆ ಹೋಗೋಣ' ಅಂತ. ಮತ್ತೆ ಕೊನೆಯದು: "ಎಂತದನ್ನೂ ಮುಟ್ಟಬೇಡಿ ಸಾರ್."

ನೀರೊಳಗೆ ಮೊದಲು ಕಂಡಿದ್ದು ನನ್ನದೇ ಗುಳ್ಳೆಗಳು. ಆಮೇಲೆ ಬಂಡೆ. ಬಂಡೆಯ ಮೇಲೆ ಹವಳ, ಹವಳವನ್ನು ಕರಕರ ಕಡಿಯುತ್ತಿದ್ದ ಗಿಳಿಮೀನು. ಆ ಶಬ್ದ ನಿಜವಾಗಲೂ ಕೇಳಿಸುತ್ತೆ, ಮನೆ ಹಿಂದೆ ಹಸು ಹುಲ್ಲು ಮೇಯೋ ಥರ. ಚಿಕ್ಕಂದಿನಲ್ಲಿ ಅಜ್ಜಿ ಕನ್ನಂಬಾಡಿ ಕಟ್ಟೆ ನೀರಿನಡಿ ಮುಳುಗಿದ ವೇಣುಗೋಪಾಲಸ್ವಾಮಿ ಗುಡಿಯ ಕತೆ ಹೇಳೋಳು. ಮೀನುಗಳೇ ದೇವರಿಗೆ ಪ್ರದಕ್ಷಿಣೆ ಹಾಕ್ತವೆ ಅಂತ ನಾನು ಅಂದುಕೊಂಡಿದ್ದೆ. ಆ ಗುಡಿಯನ್ನು ಆಮೇಲೆ ಕಲ್ಲು ಕಲ್ಲಾಗಿ ಎತ್ತಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಆದರೆ ನನ್ನ ತಲೆಯೊಳಗೆ ನೀರಿನಡಿಯ ಗುಡಿ ಹಾಗೇ ಉಳಿದಿತ್ತು. ನೇತ್ರಾಣಿಯಲ್ಲಿ ಅದನ್ನು ಕಂಡ ಹಾಗಾಯಿತು.

ಆಗಲೇ ತಪ್ಪು ಮಾಡಿದ್ದು. ಸೆಳೆತಕ್ಕೆ ಮೈ ವಾಲಿತು, ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಹಿಡಿದೆ. ಟಕ್ ಅಂತ ಮುರಿದು ಕೈಗೇ ಬಂತು. ಬೆರಳುದ್ದದ ಹವಳದ ಕೊಂಬೆ. ಗೈಡ್ ಆ ಕಡೆ ತಿರುಗಿದ್ದ. ಅಲ್ಲೇ ಬಿಡಬೇಕಿತ್ತು, ಬಿಡಲಿಲ್ಲ. ಜಾಕೆಟ್ಟಿನ ಜೇಬಿಗೆ ಸೇರಿಸಿದೆ. ಯಾಕೆ ಅಂತ ಇವತ್ತಿಗೂ ಹೇಳೋಕೆ ಬರಲ್ಲ.

ಮನೆಗೆ ಬಂದು ಅಮ್ಮನಿಗೆ ಕೊಟ್ಟೆ. "ಸಮುದ್ರದ್ದು" ಅಂದೆ. ಮಗ ಜೀವಂತ ವಾಪಸ್ ಬಂದದ್ದಕ್ಕೋ ಏನೋ, ಅವಳು ಅದನ್ನು ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿಬಿಟ್ಟಳು.

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಿಗೆ ಕಟ್ಟಿಕೊಂಡ ಸುಣ್ಣದ ಮನೆ. ಅವುಗಳ ಮೈಯೊಳಗೇ ಸೂಕ್ಷ್ಮ ಪಾಚಿ ಒಕ್ಕಲಿರುತ್ತೆ, ಬಿಸಿಲಿನಲ್ಲಿ ಅನ್ನ ಮಾಡಿ ಮನೆಯವರಿಗೂ ಕೊಡುತ್ತೆ. ಬಣ್ಣವೂ ಹೆಚ್ಚಾಗಿ ಅದರದ್ದೇ. ಕಡಲ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಜಾಸ್ತಿ ಕಾದು ಹಾಗೇ ವಾರಗಟ್ಟಲೆ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತೆ, ನೀರು ಬೇಗ ತಣ್ಣಗಾಗದಿದ್ದರೆ ಸಾಯುತ್ತೆ. ಜಗತ್ತಿನಾದ್ಯಂತ ಇಂಥ ಬಿಳಿಚುವಿಕೆ ನಾಲ್ಕನೇ ಸಲ ಹಬ್ಬಿದೆ ಅಂತ ವಿಜ್ಞಾನಿಗಳು 2024ರ ಏಪ್ರಿಲ್‌ನಲ್ಲಿ ಘೋಷಿಸಿದರು. ಗುಂಡುಕಲ್ಲಿನಂಥ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ದೊಡ್ಡದು. ಕೊಂಬೆಯಂಥವು ಇನ್ನಷ್ಟು ಬೇಗ ಬೆಳೆಯುತ್ತವೆ ಅನ್ನೋದು ನಾನು ಹುಡುಕಿಕೊಂಡ ಸಮಾಧಾನ.

ಇದನ್ನೆಲ್ಲ ನನಗೆ ಹೇಳಿದ್ದು ನರ್ಸ್ ಅಕ್ಕ, ದೋಸೆ ಹೋಟೆಲಿನಲ್ಲಿ. ಜೊತೆಗೆ ಇನ್ನೊಂದನ್ನೂ ಹೇಳಿದರು. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಅಂದರೆ ಹುಲಿ ಇರುವ ಪಟ್ಟಿ. ಮಸಾಲೆ ದೋಸೆ ಗಂಟಲಲ್ಲೇ ನಿಂತಿತು. ನಮ್ಮನೆ ದೇವರ ಗೂಡಿನಲ್ಲಿ ಇರೋದು ಹುಲಿ ಉಗುರಿಗೆ ಸಮ!

ಎರಡನೇ ಸಲ ಹೋದಾಗ ಬೇರೆ ಕೆಲಸಕ್ಕೆ ಹೋದೆವು. ಬಂಡೆಗೆ ಸಿಕ್ಕಿಕೊಂಡು ಕಡಿದುಹೋದ ನೈಲಾನ್ ಬಲೆಗಳು ವರ್ಷಗಟ್ಟಲೆ ಅಲ್ಲೇ ಮೀನು, ಏಡಿ ಹಿಡಿದು ಸಾಯಿಸುತ್ತಾ ಇರುತ್ತವೆ. ಹಿಡಿದದ್ದನ್ನು ತಿನ್ನೋರಿಲ್ಲ, ಮಾರೋರೂ ಇಲ್ಲ. ಅವನ್ನು ಬಿಡಿಸೋದು ಅನುಭವಿಗಳ ಕೆಲಸ, ಎಳೆದರೆ ಹವಳವೂ ಕಿತ್ತು ಬರುತ್ತೆ, ಕತ್ತರಿಸುವವನ ಕಾಲಿಗೂ ಸುತ್ತಿಕೊಳ್ಳಬಹುದು. ಪ್ರಮಾಣಪತ್ರ ಇಲ್ಲದ ನನ್ನನ್ನು ನೀರಿಗೇ ಬಿಡಲಿಲ್ಲ. ದೋಣಿಯಲ್ಲಿ ಕೂತು ಗೋಣಿಚೀಲ ಹಿಡಿದುಕೊಂಡೆ. ಮೇಲೆ ಬಂದ ಒಂದು ಬಲೆ ತುಂಡಿನಲ್ಲಿ ಏಡಿಯೊಂದು ಬದುಕಿತ್ತು. ಅದನ್ನು ಬಿಡಿಸೋಕೆ ಇಪ್ಪತ್ತು ನಿಮಿಷ ಹಿಡಿಯಿತು, ಬೆರಳಿಗೆ ಎರಡು ಸಲ ಕಚ್ಚಿಸಿಕೊಂಡೆ.

ದೋಣಿಯಲ್ಲಿ ಕೂತ ಆ ನಾಲ್ಕು ಗಂಟೆಯಲ್ಲಿ ಕಲಿತದ್ದು ಮೊದಲ ಸಲ ಮುಳುಗಿದ್ದಕ್ಕಿಂತ ಹೆಚ್ಚು. ದ್ವೀಪದ ಬಂಡೆ ಬಿರುಕುಗಳಲ್ಲಿ ಜೊಲ್ಲಿನಿಂದಲೇ ಗೂಡು ಕಟ್ಟುವ ಪುಟ್ಟ ಹಕ್ಕಿಗಳಿವೆ, ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತೆ. ಮೀನುಗಾರರು ಹರಕೆಗೆ ಬಿಟ್ಟ ಆಡುಗಳೂ ಇವೆ. ಇದೇ ಬಂಡೆಯನ್ನು ನೌಕಾಪಡೆ ವರ್ಷಗಟ್ಟಲೆ ಗುರಿ ಅಭ್ಯಾಸಕ್ಕೆ ಬಳಸಿತು. ಪರಿಸರದವರು, ರಾಜ್ಯದ ಜೀವವೈವಿಧ್ಯ ಮಂಡಳಿಯವರು ಬೇಡ ಅಂತ ದನಿ ಎತ್ತಿದರು. ದೇಶದ ರಕ್ಷಣೆ ಮುಖ್ಯ, ಒಪ್ಪೋಣ. ಆದರೆ ಗುರಿ ಇಡೋಕೆ ಹಕ್ಕಿ ಗೂಡಿರುವ ಬಂಡೆಯೇ ಬೇಕಿತ್ತಾ ಅನ್ನೋ ಪ್ರಶ್ನೆ ನನ್ನಂಥ ಸಾಮಾನ್ಯನಿಗೂ ಬರುತ್ತೆ.

ಗೈಡ್ ಹುಡುಗನ ಚಿಂತೆ ಬೇರೆಯೇ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ, ಮೀನು ಮರಿ ಮಾಡುವ ಕಾಲ. ಅದನ್ನು ಅವನ ಅಪ್ಪ ಒಪ್ಪುತ್ತಾರೆ. ಒಪ್ಪದೆ ಇರೋದು ರಾತ್ರಿ ಹೊತ್ತು ಪ್ರಖರ ದೀಪ ಹಾಕಿ ಮರಿ-ತಾಯಿ ಅನ್ನದೆ ಬಾಚುವುದನ್ನು. ಬೆಳಕು ಮೀನುಗಾರಿಕೆಯನ್ನು 2017ರಲ್ಲೇ ಕೇಂದ್ರ ನಿಷೇಧಿಸಿದೆ. "ನಿಷೇಧ ಕಾಗದದಲ್ಲಿ ಉಂಟು ಸಾರ್, ಲೈಟು ಕಡಲಲ್ಲಿ ಉಂಟು" ಅಂದ. ಬೂತಾಯಿಯನ್ನು ಅವರ ಕಡೆ ತಾರ್ಲೆ ಅಂತಾರೆ. ಅದು ಸಿಗದ ವರ್ಷ ಮಂಡ್ಯದಲ್ಲಿ ನಾವು ಬೇರೆ ಮೀನು ತಗೊಂಡು ಸುಮ್ಮನಾಗ್ತೀವಿ. ಅವರ ಮನೆಯಲ್ಲಿ ಶಾಲೆ ಫೀಸು ನಿಲ್ಲುತ್ತೆ. ಅವನು ಸ್ಕೂಬಾ ಕಲಿತದ್ದೇ ಅಂಥ ಒಂದು ವರ್ಷ.

ವಾಪಸ್ ಬರುವಾಗ ಟೆಂಪೋದಲ್ಲಿ ದೊಡ್ಡ ಜಗಳ. ಕೆ.ಆರ್. ಪೇಟೆಯವನು ಕೇಳಿದ: "ನಮ್ ಹೇಮಾವತಿ, ಕಾವೇರಿ ಎಲ್ಲಾ ಹೋಗೋದು ಪೂಂಪುಹಾರ್ ಹತ್ರ ಬಂಗಾಳ ಕೊಲ್ಲಿಗೆ. ಈ ಕಡಲಿಗೆ ನಮ್ಮೂರಿನ ಒಂದು ತೊಟ್ಟು ನೀರೂ ಬರಲ್ಲ. ಇಲ್ಲಿ ಬಂದು ಕಸ ಎತ್ತೋದು ಶೋಕಿ ಅಲ್ವೇನ್ರೋ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಮಾತು ಸರಿಯಾಗೇ ಇತ್ತಲ್ಲ! ಕೆ.ಆರ್.ಎಸ್. ನೀರಿನಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಸಿಕ್ಕಿದ್ದನ್ನು, ಆ ನೀರು ಜೀಬ್ರಾ ಮೀನಿನ ಭ್ರೂಣದ ಮೂಳೆಗಳನ್ನೇ ಸೊಟ್ಟ ಮಾಡಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದರು. ನಾವು ಅದನ್ನು ಫಾರ್ವರ್ಡ್ ಮಾಡಿ ಮರೆತಿದ್ದೆವು.

ಹಾಗಾಗಿ ಮುಂದಿನ ಭಾನುವಾರಗಳು ಶ್ರೀರಂಗಪಟ್ಟಣದ ನದಿ ದಂಡೆಗೆ ಹೋದವು. ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟವರು ಬಟ್ಟೆಯನ್ನೂ ನೀರಿಗೇ ಬಿಟ್ಟು ಹೋಗ್ತಾರೆ. ನೆನೆದ ಸೀರೆಯೊಂದು ಕಲ್ಲಿನ ಸಂದಿಗೆ ಸಿಕ್ಕಿದರೆ ಎಳೆಯೋಕೆ ಮೂರು ಜನ ಬೇಕು, ನೇತ್ರಾಣಿಯ ಬಲೆ ಥರಾನೇ. ಬೈದವರೂ ಇದ್ದಾರೆ. ಹಿರಿಯರೊಬ್ಬರು, "ಅದು ನಮ್ಮಪ್ಪನ ಪಂಚೆ, ಮುಟ್ಟಬೇಡ್ರಪ್ಪ" ಅಂದಾಗ ಕೈ ಬಿಟ್ಟೆವು. ಅವರು ಹೋದ ಮೇಲೂ ತೆಗೆಯೋಕೆ ಮನಸ್ಸು ಬರಲಿಲ್ಲ. ಅವತ್ತಿನ ಪಂಚೆ ಇನ್ನೂ ಅಲ್ಲೇ ಇರಬಹುದು. ಅಲ್ಲಿಂದ ಕೂಗಳತೆಯಲ್ಲೇ ರಂಗನತಿಟ್ಟು. ಸಲೀಂ ಅಲಿ ಹೇಳಿದರು ಅಂತ ಮೈಸೂರು ಅರಸರು 1940ರಲ್ಲಿ ಪಕ್ಷಿಧಾಮ ಮಾಡಿದ್ದಕ್ಕೆ ಇವತ್ತು ಅಲ್ಲಿ ಹಕ್ಕಿ ಇವೆ. ಉತ್ತರ ಕನ್ನಡದಲ್ಲೂ ಈಗ ಹೊನ್ನಾವರದ ಅಪ್ಸರಕೊಂಡ-ಮುಗಳಿ ಕಡಲನ್ನು ವನ್ಯಧಾಮ ಅಂತ ಘೋಷಿಸಿದ್ದಾರೆ, ರಾಜ್ಯದಲ್ಲಿ ಕಡಲಿಗೆ ಅಂಥದ್ದು ಅದೇ ಮೊದಲು. ನೇತ್ರಾಣಿಗೂ ಅಂಥದ್ದೇನಾದರೂ ಬಂದು, ದಿನಕ್ಕೆ ಇಷ್ಟೇ ದೋಣಿ, ಇಷ್ಟೇ ಜನ ಅಂತ ಆದರೆ ನಮ್ಮಂಥವರ ಸರದಿ ಮುಂದಕ್ಕೆ ಹೋಗಬಹುದು. ಹೋಗಲಿ ಬಿಡಿ. ಒಂದು ಲಂಗರು ಹವಳದ ಮೇಲೆ ಬಿದ್ದರೆ ನನ್ನ ಕೈ ಮುರಿದದ್ದರ ನೂರುಪಟ್ಟು ಮುರಿಯುತ್ತೆ.

ನೀವೂ ಹೋಗೋರಿದ್ದರೆ ಒಂದೆರಡು ಮಾತು. ಮಳೆಗಾಲದಲ್ಲಿ ಡೈವಿಂಗ್ ಇರಲ್ಲ, ಅಕ್ಟೋಬರ್‌ನಿಂದ ಮೇ ತನಕ ಕಾಲ. ಈಜು ಬರದವರನ್ನೂ ಗೈಡ್ ಜೊತೆ ಇಳಿಸುತ್ತಾರೆ, 12 ಮೀಟರಿಗಿಂತ ಆಳಕ್ಕಲ್ಲ. ಆದರೂ ತೇಲೋದು ಕಲಿತು ಹೋಗಿ, ಗಾಬರಿ ಆದವನ ಕೈಯೇ ಹವಳ ಮುರಿಯೋದು. ಅಸ್ತಮಾ, ಹೃದಯದ ತೊಂದರೆ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಡೈವ್ ಮಾಡಿದ ದಿನವೇ ವಿಮಾನ ಹತ್ತಬೇಡಿ, ಕನಿಷ್ಠ 18 ಗಂಟೆ ಬಿಡಿ. ದಡದಲ್ಲಂತೂ ಮೈಮರೆಯಲೇಬೇಡಿ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಮುರುಡೇಶ್ವರದ ಅಲೆ ಎಳೆದುಕೊಂಡಿತು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು.

ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆದ ಮೇಲೆ ಮೂರನೇ ಸಲ ಹೋದೆ. ಹೊರಡುವ ಮುನ್ನ ಅಮ್ಮನಿಗೆ ಎಲ್ಲ ಹೇಳಿದೆ. ಹವಳ ಪ್ರಾಣಿ ಅಂದೆ, ಮುರಿದದ್ದು ನಾನೇ ಅಂದೆ. ಅವಳು ದೇವರ ಗೂಡಿನಿಂದ ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇಷ್ಟ್ ದಿನ ಹೆಣಕ್ಕಾ ನಾನು ಕುಂಕುಮ ಇಟ್ಟಿದ್ದು?" ಅಂದಳು. ಬೈಗುಳವೋ ಸಂಕಟವೋ ಗೊತ್ತಾಗಲಿಲ್ಲ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟಳು.

ಗೈಡ್‌ಗೂ ಹೇಳಿದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. "ಇದಿನ್ನು ಬೆಳೆಯೂದಿಲ್ಲ ಸಾರ್, ಸತ್ತೋಗಿದೆ" ಅಂದ. ಆದರೆ ಕೆಳಗಿಳಿದ ಮೇಲೆ ತಾನೇ ಮುಂದೆ ಹೋಗಿ, ಬಂಡೆಯ ನಡುವೆ ಮರಳಿರುವ ಒಂದು ಜಾಗ ತೋರಿಸಿದ. ನಾನು ಬಟ್ಟೆ ಬಿಚ್ಚಿ ಹವಳವನ್ನು ಅಲ್ಲಿಟ್ಟೆ, ಬಟ್ಟೆಯನ್ನು ಮರೆಯದೆ ಜೇಬಿಗೆ ಹಾಕಿಕೊಂಡೆ. ನೀರು ಆಳವಾದಷ್ಟೂ ಮೊದಲು ಮಾಯವಾಗೋದು ಕೆಂಪು ಬಣ್ಣ. ರಂಧ್ರಗಳಲ್ಲಿ ಹಿಡಿದಿದ್ದ ಕುಂಕುಮ ಒಂಬತ್ತು ಮೀಟರಿನಲ್ಲಿ ಕಪ್ಪಗೆ ಕಂಡಿತು.

ದಡಕ್ಕೆ ಬಂದು ಫೋನ್ ಆನ್ ಮಾಡುವಷ್ಟರಲ್ಲಿ ಅಮ್ಮನ ಏಳು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಇಟ್ ಬಂದ್ಯಾ?"

"ಹ್ಞೂಂ ಕಣಮ್ಮ."

"ಮೀನ್ ಏನಾದ್ರೂ ಬಂದ್ವಾ ನೋಡಕ್ಕೆ?"

"ಒಂದು ಬಂತು," ಅಂದೆ. ನಿಜವಾಗಲೂ ಬಂದಿತ್ತು.