ಕಾಲ ಕೆಳಗೆ ಮೂರು ಕಿಲೋಮೀಟರ್!

ಬಂಗಾರಪೇಟೆಯಲ್ಲಿ ರೈಲಿಳಿದು ಮೊದಲು ಮಾಡಿದ ಕೆಲಸ ಪಾನಿಪುರಿ ತಿಂದದ್ದು. ಈ ಊರಿನ ಪಾನಿಪುರಿಯ ಹೆಸರು ಬೆಂಗಳೂರಿನ ಗಲ್ಲಿಗಲ್ಲಿಯ ಬೋರ್ಡುಗಳ ಮೇಲಿದೆ. ಮೂಲಸ್ಥಾನದಲ್ಲೇ ಒಮ್ಮೆ ರುಚಿ ನೋಡಬೇಕಲ್ಲ! ತಟ್ಟೆ ಬಂತು, ಪಾನಿಯೂ ಬಂತು. ಹಸಿರು ಬಣ್ಣವಿಲ್ಲ, ಪುದೀನ ತೇಲುತ್ತಿಲ್ಲ, ಹುಣಿಸೆಯ ಕಂದು ಇಲ್ಲ. ಈಗಷ್ಟೇ ನಲ್ಲಿಯಿಂದ ಹಿಡಿದ ನೀರಿನಷ್ಟು ತಿಳಿ.

"ಇದು ಕುಡಿಯೋ ನೀರಾ, ಪಾನಿಯಾ?" ಎಂದೆ.

"ಕುಡಿದು ನೋಡಿ ಸಾರ್," ಎಂದು ಅಂಗಡಿಯವರು ನಕ್ಕರು.

ಕುಡಿದೆ. ಕಿವಿಯಿಂದ ಹೊಗೆ ಬಂತು! ಕಣ್ಣಿಗೆ ಬರೀ ನೀರು, ನಾಲಿಗೆಗೆ ಬೆಂಕಿ. ಮೂಗು ಒರೆಸಿಕೊಳ್ಳುತ್ತಾ ಇನ್ನೊಂದು ಪ್ಲೇಟ್ ಹೇಳಿದೆ. ಇವತ್ತು ಪೂರ್ತಿ ಇದೇ ಆಟ ನಡೆಯುತ್ತದೆ, ಏನೂ ಇಲ್ಲ ಎಂದು ಕಣ್ಣು ಹೇಳಿದ ಕಡೆಯಲ್ಲೆಲ್ಲ ಏನೋ ಕಾದು ಕೂತಿರುತ್ತದೆ ಅಂತ ಆಗ ನನಗೇನು ಗೊತ್ತು?

ಊರಿನ ಹೆಸರೇ ಮೊದಲ ಪಾಠ ಕಲಿಸಿತು. ಬಂಗಾರ ಸಿಕ್ಕಿದ್ದಕ್ಕೆ ಬಂಗಾರಪೇಟೆ ಅಂತ ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಅಲ್ಲವಂತೆ! ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ. ಆಮೇಲೆ ಬಂಗಾರಪೇಟೆ. ನಿಜವಾದ ಬಂಗಾರ ಸಿಕ್ಕಿದ್ದು ಹದಿನಾರು ಕಿಲೋಮೀಟರ್ ಆಚೆ, ಕೋಲಾರದ ಚಿನ್ನದ ಗಣಿಗಳಲ್ಲಿ. ಅದಕ್ಕೆಂದೇ 1894ರಲ್ಲಿ ಇಲ್ಲಿಂದ ಒಂದು ಕವಲು ಹಳಿ ಹಾಕಿದರು. ಆ ಹಳಿಯ ಮೇಲೆ ಇವತ್ತಿಗೂ ಪ್ಯಾಸೆಂಜರ್ ಓಡುತ್ತದೆ. ಹತ್ತಿ ಕೂತೆ. ಕಿಟಕಿಯಾಚೆ ರಾಗಿ ಹೊಲ, ಗುಂಡು ಬಂಡೆ, ಮತ್ತೆ ರಾಗಿ ಹೊಲ. ನಿಲ್ದಾಣಗಳ ಹೆಸರು ನೋಡಿ: ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ. ಚಾಂಪಿಯನ್ ಎಂಬ ರೈಲ್ವೆ ಸ್ಟೇಷನ್ ಇನ್ನೆಲ್ಲಿದೆ ಹೇಳಿ! ಅದು ಯಾವ ಪೈಲ್ವಾನನ ಹೆಸರೂ ಅಲ್ಲ, ಕೆಳಗೆ ಮಲಗಿದ್ದ ಚಿನ್ನದ ಪದರದ ಹೆಸರು.

ಆಮೇಲೆ ಕಂಡಿತು ಬೆಟ್ಟ. ತಲೆ ಚಪ್ಪಟೆ, ಮೈ ಆನೆಯ ಚರ್ಮದ ಬಣ್ಣ, ಮಳೆ ಕೊರೆದ ಕೊರಕಲುಗಳು ನೆತ್ತಿಯಿಂದ ಬುಡದವರೆಗೆ. ಅದರ ಹಿಂದೆ ಇನ್ನೊಂದು, ಅದರ ಪಕ್ಕ ಮತ್ತೊಂದು. ಬುಡಕ್ಕೆ ಹೋಗಿ ಒಂದು ಚಿಟಿಕೆ ಮಣ್ಣು ಬೆರಳಲ್ಲಿ ಉಜ್ಜಿದೆ. ಜರಡಿ ಹಿಡಿದ ರಾಗಿ ಹಿಟ್ಟಿಗಿಂತ ನಯ. ಗಾಳಿ ಬೀಸಿತು, ಬೆರಳ ಮೇಲಿನದ್ದು ಹಾರಿಹೋಯಿತು. ಗಾಳಿಗಾಲ ಬಂತೆಂದರೆ ಈ ಹಿಟ್ಟು ಊರೊಳಗೆ ನುಗ್ಗಿ ಅನ್ನದ ತಟ್ಟೆಗೂ ಬೀಳುತ್ತದೆ, ಎದೆಗೂ ಇಳಿಯುತ್ತದೆ ಎಂದು ಇಲ್ಲಿನ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿ ತೋರಿಸಿದರು.

ಇದು ದೇವರು ಮಾಡಿದ ಬೆಟ್ಟವಲ್ಲ, ಸೈನೈಡ್ ಗುಡ್ಡ. ಆಳದಿಂದ ಕಲ್ಲು ತಂದು, ಕುಟ್ಟಿ, ಅರೆದು, ಸೈನೈಡ್ ಬೆರೆಸಿದ ನೀರಿನಲ್ಲಿ ನೆನೆಸುತ್ತಿದ್ದರು. ಯಾವ ಆಮ್ಲಕ್ಕೂ ಸುಲಭಕ್ಕೆ ಬಗ್ಗದ ಚಿನ್ನ ಈ ನೀರಿನಲ್ಲಿ ಉಪ್ಪಿನಂತೆ ಕರಗಿಹೋಗುತ್ತದೆ! ಆಮೇಲೆ ಸತು ಹಾಕಿದರೆ ಚಿನ್ನ ಮತ್ತೆ ಗಟ್ಟಿಯಾಗಿ ಹೊರಬರುತ್ತದೆ. 1887ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಕಂಡುಹಿಡಿದ ಉಪಾಯ ಇದು. ಉಳಿದ ಹಿಟ್ಟನ್ನು ಹೊರಗೆ ಸುರಿದರು, ಸುರಿಯುತ್ತಲೇ ಇದ್ದರು. ಹೀಗೆ ಬೆಳೆದವು ಹದಿಮೂರು ಗುಡ್ಡ, ಸುಮಾರು 3.3 ಕೋಟಿ ಟನ್.

ಅಷ್ಟು ಕಲ್ಲು ಅರೆದು ಸಿಕ್ಕ ಚಿನ್ನ? 120 ವರ್ಷದಲ್ಲಿ ಸುಮಾರು 800 ಟನ್. ಅಲ್ಲೇ ನಿಂತು ಫೋನಿನಲ್ಲಿ ಲೆಕ್ಕ ಹಾಕಿದೆ. ಚಿನ್ನ ನೀರಿಗಿಂತ ಹತ್ತೊಂಬತ್ತು ಪಟ್ಟು ಭಾರ. ಅಷ್ಟೂ ಚಿನ್ನ ಕರಗಿಸಿ ಒಂದು ಕೋಣೆಗೆ ಸುರಿದರೆ ಆ ಕೋಣೆ ಎಷ್ಟು ದೊಡ್ಡದಿರಬೇಕು? ಹನ್ನೊಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರ. ನಮ್ಮ ಮನೆಯ ಮಲಗುವ ಕೋಣೆ! ಎರಡು ಸಲ ಲೆಕ್ಕ ಮಾಡಿದೆ, ಮೂರನೇ ಸಲವೂ ಮಾಡಿದೆ. ಕಣ್ಣಳತೆ ಮೀರಿದ ಈ ಗುಡ್ಡಗಳೆಲ್ಲ ಒಂದು ಕೋಣೆಯ ಸಿಪ್ಪೆ. ತಕ್ಷಣವೇ ಇನ್ನೊಂದು ಹೊಳೆದು ಕಾಲು ತಣ್ಣಗಾಯಿತು. ಇದೆಲ್ಲ ಕೆಳಗಿನಿಂದ ಮೇಲೆ ಬಂದದ್ದು. ಹಾಗಾದರೆ ಇಷ್ಟು ಜಾಗ ನನ್ನ ಕಾಲ ಕೆಳಗೆ ಖಾಲಿ!

ಚಾಂಪಿಯನ್ ರೀಫ್‌ನ ಒಂದು ಟೀ ಅಂಗಡಿಯಲ್ಲಿ ಒಬ್ಬ ತಾತ ಸಿಕ್ಕರು. ಮೂವತ್ತು ವರ್ಷ ಗಣಿಯಲ್ಲಿ ದುಡಿದವರು. ಅವರ ಅಜ್ಜ ಉತ್ತರ ಆರ್ಕಾಟಿನಿಂದ ಬಂದವರಂತೆ. ಮನೆಮಾತು ತಮಿಳು, ಅಂಗಡಿಯವನೊಡನೆ ತೆಲುಗು, ನನ್ನೊಡನೆ ಕನ್ನಡ. ಚಿನ್ನದ ಕಲ್ಲು ಹೇಗಿರುತ್ತದೆ ಎಂದು ಕೇಳಿದ್ದೇ ತಡ, ಪಕ್ಕದ ಲೈನ್ ಮನೆಗೆ ಹೋಗಿ ಬಾಗಿಲಿಗೆ ಒತ್ತಿಟ್ಟಿದ್ದ ಒಂದು ಕಲ್ಲು ತಂದರು. ಬೂದು ಬಣ್ಣದ ಬೆಣಚು, ನಡುವೆ ಕಪ್ಪು ಗೆರೆ. ಟೀ ಲೋಟ ತೊಳೆಯುವ ನೀರನ್ನೇ ಅದರ ಮೇಲೆ ಸುರಿದು ಬಿಸಿಲಿಗೆ ಹಿಡಿದರು. ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ಹೇಗೆ ನೋಡಿದರೂ ಒಂದು ಹೊಳಪಿಲ್ಲ.

"ಚಿನ್ನ ಎಲ್ಲಿ ತಾತಾ?"

"ಇದ್ರೂ ಇರ್ತದೆ ಸಾರ್. ಕಣ್ಣಿಗೆ ಕಾಣೋ ಹಂಗಿದ್ರೆ ನಮ್ಮನ್ನ ಯಾಕೆ ಕೂಲಿಗೆ ಕರೀತಿದ್ರು? ದೊರೆಗಳೇ ಬಗ್ಗಿ ಎತ್ಕೊಳ್ತಿದ್ರು."

ಪಾನಿಪುರಿಯ ನೀರು ನೆನಪಾಯಿತು!

ಆದರೆ ಒಂದು ಕಾಲಕ್ಕೆ ಕಣ್ಣಿಗೆ ಕಾಣುತ್ತಿತ್ತು. ಟಿಪ್ಪು ಸತ್ತ ಮೇಲೆ ಮೈಸೂರು ಸೀಮೆಯ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ಇಲ್ಲಿಗೆ ಬಂದಾಗ, ಉರಿಗಾಂ ಸುತ್ತಿನ ಹಳ್ಳಿಗರು ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರಂತೆ. ಅವರಿಗಿಂತ ಎಷ್ಟೋ ಹಿಂದಿನವರು ಬೆಂಕಿ ಹಾಕಿ ಬಂಡೆ ಸಿಡಿಸಿ ತೋಡಿದ ಗುಳಿಗಳೂ ಇಲ್ಲಿದ್ದವು. ವಾರೆನ್ ವರದಿ ಬರೆದ. ಸುಮಾರು ಎಪ್ಪತ್ತು ವರ್ಷ ಕಳೆದವು. ನ್ಯೂಜಿಲೆಂಡಿನಲ್ಲಿ ಯುದ್ಧ ಮಾಡಿ ನಿವೃತ್ತನಾಗಿ ಬೆಂಗಳೂರಿಗೆ ಬಂದಿದ್ದ ಐರಿಶ್ ಸಿಪಾಯಿ ಮೈಕೆಲ್ ಲ್ಯಾವೆಲ್ ಆ ವರದಿ ಓದಿದ. ತಲೆಗೆ ಹುಳ ಬಿಟ್ಟಂತಾಯಿತು. 1871ರಲ್ಲಿ ಎತ್ತಿನ ಗಾಡಿ ಹೂಡಿಸಿ ನೂರು ಕಿಲೋಮೀಟರ್ ಬಂದೇ ಬಿಟ್ಟ. 1873ರಲ್ಲಿ ಪರವಾನಗಿ, 1875ರಲ್ಲಿ ಗಣಿ. ಕೈಯಲ್ಲಿ ಕಾಸು ಸಾಲದೆ ಹಕ್ಕು ಮಾರಿಕೊಂಡ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ಹಳಬರ ಗುಳಿಗಳ ಜಾಡು ಹಿಡಿದೇ ಕೆಳಗಿಳಿದಾಗ ಸಿಕ್ಕಿದ್ದು ಚಾಂಪಿಯನ್ ಪದರ!

ಆಮೇಲೆ ಇಳಿದದ್ದೇ ಇಳಿದದ್ದು. ಗೇಟಿನ ಹೊರಗೆ ನಿಂತು ತಾತ ಗಿಫರ್ಡ್ ಶಾಫ್ಟಿನ ಕಡೆಗೆ ಕೈ ತೋರಿಸಿದರು. ಒಳಗೆ ಬಿಡುವುದಿಲ್ಲ. ಉಕ್ಕಿನ ಗೋಪುರ, ನೆತ್ತಿಯಲ್ಲಿ ತಿರುಗದೆ ನಿಂತ ಗಾಲಿ. ಅದರ ಕೆಳಗೆ ಗಣಿ ಇಳಿದದ್ದು 3,200 ಮೀಟರ್. ಊಹಿಸಲು ಆಗುತ್ತಿಲ್ಲವೇ? ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದನ್ನು ತಲೆಕೆಳಗು ಮಾಡಿ ಈ ಬಾವಿಗೆ ಇಳಿಸಿದರೆ ಪೂರ್ತಿ ಮುಳುಗಿ, ಕೆಳಗೆ ಇನ್ನೂ ಸಾವಿರ ಮೀಟರಿಗೂ ಹೆಚ್ಚು ಜಾಗ ಉಳಿಯುತ್ತದೆ! ಹನ್ನೆರಡು ಜೋಗ ಜಲಪಾತ ಒಂದರ ಕೆಳಗೊಂದು. ಅಷ್ಟು ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕೆಳಗೆ ತಂಪು ಗಾಳಿ ಕಳಿಸಲೆಂದೇ ಮೇಲೆ ದೊಡ್ಡ ದೊಡ್ಡ ಯಂತ್ರ ಕೂರಿಸಿದ್ದರು.

"ಶಾಖಕ್ಕೆ ಹೆದರಲಿಲ್ಲ ಸಾರ್," ಎಂದರು ತಾತ. "ಕಲ್ಲು ಸಿಡಿಯೋದಕ್ಕೆ ಹೆದರ್ತಿದ್ವಿ. ನಾವು ಮುಟ್ಟೇ ಇರಲ್ಲ, ಅದೇ ಸಿಡೀತದೆ. ಮೇಲೆ ಮನೇಲಿ ಪಾತ್ರೆ ಅಲುಗಾಡಿದ್ರೆ ಹೆಂಗಸ್ರು ಮಕ್ಕಳು ಶಾಫ್ಟ್ ಕಡೆ ಓಡೋರು."

ಮೂರು ಕಿಲೋಮೀಟರ್ ಬಂಡೆಯ ಭಾರ ಹೊತ್ತ ಗೋಡೆಯಿಂದ ಒಂದು ತುಂಡು ತೆಗೆದರೆ ಉಳಿದದ್ದು ಬಾಂಬಿನಂತೆ ಒಡೆಯುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲೆಂದೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇದೇ ಊರಿನಲ್ಲಿ ಹುಟ್ಟಿತು. ಎಷ್ಟು ಜೀವ ಹೋಗಿರಬಹುದು ಎಂದು ತಾತನನ್ನು ಕೇಳಬೇಕೆನಿಸಿತು. ಅವರು ಗಾಲಿಯನ್ನೇ ನೋಡುತ್ತಿದ್ದರು. ಕೇಳಲಿಲ್ಲ.

ಕತ್ತಲೆಯ ಈ ಊರಿಗೆ ಬೆಳಕು ಬಂದ ಕತೆಯಂತೂ! 1902ರ ಜೂನ್ 30. ಶಿವನಸಮುದ್ರದಲ್ಲಿ ಕಾವೇರಿ ತಿರುಗಿಸಿದ ಚಕ್ರದಿಂದ ವಿದ್ಯುತ್ ಹೊರಟು, ಕಾಡು ಮೇಡು ದಾಟಿ, ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಓಡಿ ಇಲ್ಲಿಗೆ ಬಂತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿ ದೀಪ ಹೊತ್ತಿದ್ದು 1905ರಲ್ಲಿ. ಇವತ್ತಿನ ರಾಜಧಾನಿಗಿಂತ ಮೂರು ವರ್ಷ ಮೊದಲು ಕರೆಂಟು ಕಂಡ ಊರು ಇದು!

ಇಷ್ಟಕ್ಕೇ ಬೆರಗು ಮುಗಿಯಿತೆಂದು ಹೊರಡುವವನಿದ್ದೆ. ಮುಗಿದಿರಲಿಲ್ಲ. ಈಗ ಹೇಳುವುದನ್ನು ದಯವಿಟ್ಟು ನಿಧಾನವಾಗಿ ಓದಿ. ನಿಮ್ಮ ಹೆಬ್ಬೆರಳಿನ ಉಗುರಿನೊಳಗೆ ಪ್ರತಿ ಸೆಕೆಂಡಿಗೆ ಸೂರ್ಯನಿಂದ ಬಂದ ಸಾವಿರಾರು ಕೋಟಿ ಕಣಗಳು ಹಾದುಹೋಗುತ್ತಿವೆ. ಹೆಸರು ನ್ಯೂಟ್ರಿನೋ. ಹೆಚ್ಚುಕಡಿಮೆ ಎಲ್ಲವೂ ಯಾವುದಕ್ಕೂ ಡಿಕ್ಕಿ ಹೊಡೆಯದೆ ಇಡೀ ಭೂಮಿಯನ್ನೇ ತೂರಿ ಆಚೆ ಹೋಗುತ್ತವೆ. ಅಂಥದ್ದನ್ನು ಹಿಡಿಯುವುದು ಹೇಗೆ? ಬಾಹ್ಯಾಕಾಶದಿಂದ ಸುರಿಯುವ ಬೇರೆಲ್ಲ ಕಣಗಳ ಗದ್ದಲ ತಲುಪದ ಜಾಗ ಬೇಕು. ಅಂದರೆ ಆಳ ಬೇಕು. ಆಳ ಎಲ್ಲಿದೆ? ಕೋಲಾರದಲ್ಲಿದೆ!

ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಿಂದ ಉಪಕರಣ ಹೊತ್ತು ಇಲ್ಲಿ ಕೆಳಗಿಳಿದಿದ್ದರು. 1960ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಯವರು ಇನ್ನೂ ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಕಣವೂ ಬರಲಿಲ್ಲ. ಬೇರೆಯವರಾಗಿದ್ದರೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಇವರು ಹಿಗ್ಗಿದರು. ಅಷ್ಟು ನಿಶ್ಶಬ್ದದಲ್ಲಿ ನ್ಯೂಟ್ರಿನೋದ ಪಿಸುಮಾತೂ ಕೇಳೀತಲ್ಲ! ಟಾಟಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳವರು ಸೇರಿ ಚಾಂಪಿಯನ್ ರೀಫ್‌ನಲ್ಲಿ 2.3 ಕಿಲೋಮೀಟರ್ ಕೆಳಗೆ ಬಲೆ ಹರವಿದರು. 1965ರಲ್ಲಿ ಬಿತ್ತು ನೋಡಿ, ಮೇಲಿನಿಂದಲ್ಲ, ಅಡ್ಡಡ್ಡಲಾಗಿ ಹಾದು ಬಂದ ಒಂದು ಗುರುತು! ಅಷ್ಟು ಬಂಡೆಯನ್ನು ಪಕ್ಕದಿಂದ ದಾಟಿ ಬರಲು ನ್ಯೂಟ್ರಿನೋಗೆ ಮಾತ್ರ ಸಾಧ್ಯ. ಸೂರ್ಯನಿಂದಲ್ಲ, ನಮ್ಮ ವಾತಾವರಣದಲ್ಲೇ ಹುಟ್ಟುವ ನ್ಯೂಟ್ರಿನೋ ಪತ್ತೆಯಾಯಿತೆಂಬ ವರದಿ ಜಗತ್ತಿನಲ್ಲೇ ಮೊದಲು ಪ್ರಕಟವಾದದ್ದು ಹಾಗೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಹೊರಲಾರದಷ್ಟು ಭಾರದ ಲೋಹಕ್ಕೆ ತೋಡಿದ ಗುಂಡಿಯಲ್ಲಿ, ತೂಕವೇ ಇಲ್ಲ ಅನ್ನುವಷ್ಟು ಹಗುರದ ಕಣ!

ಬಿಸಿಲು ಇಳಿಯುವ ಹೊತ್ತಿಗೆ ಆಟೋ ಹಿಡಿದು ಪೆದ್ದಪಲ್ಲಿಗೆ ಹೋದೆ. ಅಲ್ಲಿನ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಕರೆದಿದೆ. ಒಂದು ಕಲ್ಲಿನೊಳಗೆ ನೂರು ಕಲ್ಲು, ಹೋಳಿಗೆಯ ಹೂರಣದಲ್ಲಿ ಉಳಿದ ಬೇಳೆಯಂತೆ. ಜ್ವಾಲಾಮುಖಿ ಉಗುಳಿದ ಚೂರುಗಳು ಹಾಗೇ ಹೆಪ್ಪುಗಟ್ಟಿವೆ. ಈ ಸೀಮೆಯ ಲಾವಾ ನೀರಿನಡಿ ಹರಿದು ದಿಂಬಿನಂತೆ ಉಬ್ಬಿ ಗಟ್ಟಿಯಾದದ್ದೂ ಉಂಟು. ಸುಮಾರು 270 ಕೋಟಿ ವರ್ಷದ ಹಿಂದಿನ ಮಾತು. ಮಳೆಗೆ ಮುಗಿಲು ನೋಡುವ ಕೋಲಾರ ಒಂದು ಕಾಲಕ್ಕೆ ನೀರಿನಡಿಯ ಬೆಂಕಿ! ಬಂಡೆಯ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಇನ್ನೂ ಬೆಚ್ಚಗಿತ್ತು.

ಈ ಗಣಿಗೆ ಕುಶಲಕರ್ಮಿಗಳನ್ನು ಕಳಿಸಿಕೊಟ್ಟ ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಹಳೆಯ ಗಣಿಗಳು 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಇಲ್ಲಿಗೆ ಈ ಗಣಿಯ ಹೆಸರಿನ ಸಿನಿಮಾ ನೋಡಿ ಬಂದವರು ಗುಡ್ಡದೆದುರು ಸೆಲ್ಫಿ ತೆಗೆದು ಹೊರಡುತ್ತಾರೆ. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಪಂಪುಗಳು ನಿಂತವು, ಕೆಳಗಿನ ಊರಿಗೆ ನೀರು ತುಂಬಿತು. ಮೂರು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು.

ಕತ್ತಲಾದ ಮೇಲೆ ಮಾರಿಕುಪ್ಪಂ ನಿಲ್ದಾಣದಲ್ಲಿ ನಿಂತಿದ್ದೆ. ಬೆಂಗಳೂರಿನ ರೈಲು ಬಂತು. ನಾಲ್ಕಾರು ಜನ ಇಳಿಯಬಹುದು ಅಂದುಕೊಂಡರೆ ಪ್ಲಾಟ್‌ಫಾರ್ಮ್ ತುಂಬಿಹೋಯಿತು! ಟಿಫಿನ್ ಬ್ಯಾಗು, ಕೊರಳಲ್ಲಿ ಐಡಿ ಕಾರ್ಡು, ನಿದ್ದೆಗಣ್ಣು. ಬೆಳಗ್ಗೆ ಕತ್ತಲಲ್ಲಿ ಹೋಗಿ ರಾತ್ರಿ ಕತ್ತಲಲ್ಲಿ ಬರುವವರು. ಒಬ್ಬ ಹುಡುಗನನ್ನು ತಡೆದು ದಿನಾ ಇಷ್ಟು ದೂರವೇ ಎಂದು ಕೇಳಿದೆ.

"ಏನ್ ಮಾಡೋದು ಅಣ್ಣಾ," ಎಂದ, ನಡೆಯುತ್ತಲೇ. "ನಮ್ಮಪ್ಪ ಕೆಳಗೆ ಹೋಗ್ತಿದ್ರು. ನಾನು ಅಡ್ಡಕ್ಕೆ ಹೋಗ್ತೀನಿ."

ಅವನ ಹಿಂದೆ ಎಲ್ಲರೂ ಸರಸರನೆ ಲೈನ್ ಮನೆಗಳ ಕಡೆಗೆ ಕರಗಿಹೋದರು. ನಾನು ಮಾತ್ರ, ಯಾಕೋ, ಹೆಜ್ಜೆ ಮೆಲ್ಲಗೆ ಇಡುತ್ತಿದ್ದೆ.